ಧ್ಯಾನಕ್ಕೆ ಕೂತ ಬಲಗಾಲು

ನಮ್ಮ ದೊಡ್ಡವ್ವ ಸುಮ್ಮನೆ ಕೂತದ್ದನ್ನು ಕಂಡವರು ಇಡೀ ರಾಯದುರ್ಗದಲ್ಲಿ ಒಬ್ಬರಾದರೂ ಇದ್ದರೆ ಮುಂದೆ ಬರಲಿ, ನಾನೇ ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಮೂವತ್ತು ವರ್ಷಕ್ಕೂ ಮೇಲೆ ಜೀನ್ಸ್ ಪ್ಯಾಂಟು ಹೊಲಿದ ಜೀವ ಅದು. ಮೊದಲು ಮನೆಯಲ್ಲಿ, ಆಮೇಲೆ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ. ಮಿಷನ್ ತುಳಿದೂ ತುಳಿದೂ ಅವಳ ಬಲಗಾಲು ಎಂಥ ಹದಕ್ಕೆ ಬಂದಿದೆಯೆಂದರೆ, ಎದುರಿಗೆ ಮಿಷನ್ ಇಲ್ಲದಿದ್ದರೂ ತನ್ನ ಪಾಡಿಗೆ ತಾನು ತುಳಿಯುತ್ತಲೇ ಇರುತ್ತದೆ. ಊಟಕ್ಕೆ ಕೂತರೆ ತಟ್ಟೆ ಕುಣಿಯುತ್ತದೆ. ಬಸ್ಸಿನಲ್ಲಿ ಕೂತರೆ ಪಕ್ಕದವರು, "ಯಾಕಬೇ, ಚಳಿಜ್ವರ ಬಂದೈತೇನು?" ಎಂದು ಕೇಳುತ್ತಾರೆ. ತುಳಿಯುವ ಮಿಷನ್ ಹೋಗಿ ಕರೆಂಟಿನದು ಬಂದು ಎಷ್ಟೋ ವರ್ಷವಾಯಿತು. ಆ ಸುದ್ದಿಯನ್ನು ಕಾಲಿಗೆ ಯಾರೂ ತಿಳಿಸಿಲ್ಲ!

ಇಂಥವಳು ಹೋಗಿ ಸೇರಿದ್ದು ಎಲ್ಲಿಗೆ ಅಂತೀರಿ? ಧ್ಯಾನದ ಕ್ಲಾಸಿಗೆ!

ನಮ್ಮ ಓಣಿಯ ಕೊನೆಗೆ ಒಂದು ಪುಟ್ಟ ಬುದ್ಧ ವಿಹಾರವಿದೆ. ತಗಡು ಹೊದಿಸಿದ ಉದ್ದನೆಯ ಕೋಣೆ, ಒಳಗೆ ಕಣ್ಣು ಮುಚ್ಚಿ ಕೂತ ಬುದ್ಧ. ಕಾವಿ ಉಟ್ಟ ಭಂತೇಜಿಯೊಬ್ಬರು ಭಾನುವಾರ ಬೆಳಿಗ್ಗೆ ಧ್ಯಾನ ಕಲಿಸುತ್ತಾರೆ. ಹುಣ್ಣಿಮೆಗೆ ಊಟ, ಮಕ್ಕಳಿಗೆ ಪಾಠ, ಕಣ್ಣಿನ ತಪಾಸಣೆ ಎಂದು ಅಲ್ಲಿ ಏನಾದರೊಂದು ನಡೆಯುತ್ತಿರುತ್ತದೆ. ದೊಡ್ಡವ್ವ ಮೊದಲು ಹೋದದ್ದು ಕಣ್ಣು ತೋರಿಸಲು. ಮುಂದಿನ ವಾರ ಕಣ್ಣು ಮುಚ್ಚಲು ಹೋದಳು.

ನಾನು ಅವಳ ತಂಗಿಯ ಮಗ, ಅವಳ ಮನೆಯಲ್ಲೇ ಬೆಳೆದವನು. ಕೀಟಲೆ ಮಾಡುವ ಹಕ್ಕು ನನಗಲ್ಲದೆ ಇನ್ಯಾರಿಗೆ?

"ಶನಿವಾರ ನೇಮಕಲ್ಲು ಆಂಜನೇಯ, ಭಾನುವಾರ ಬುದ್ಧ! ಹನುಮಪ್ಪ ಸಿಟ್ಟಾಗಲ್ಲೇನಬೇ?" ಎಂದೆ.

"ಯಾಕ ಸಿಟ್ಟಾಗ್ತಾನ? ಅವನು ಸಂಸಾರದ ತಂಟೆಗೇ ಹೋಗಲಿಲ್ಲ, ಇವನು ಸಂಸಾರ ಬಿಟ್ಟು ಬಂದ. ಜಗಳ ಆಡಾಕ ಅವರಿಬ್ಬರ ನಡುವ ಏನೈತಿ?" ಎಂದಳು.

ಮೊದಲ ದಿನ ಭಂತೇಜಿ, "ಏನೂ ಮಾಡಬೇಡಿ. ಉಸಿರು ಬರುವುದನ್ನು ನೋಡಿ, ಹೋಗುವುದನ್ನು ನೋಡಿ, ಅಷ್ಟೇ" ಎಂದರಂತೆ. ಎರಡು ನಿಮಿಷವೂ ಆಗಿಲ್ಲ, ದೊಡ್ಡವ್ವ ಕೈಯೆತ್ತಿ, "ನೋಡಿದೆ ಸ್ವಾಮ್ಯಾರ. ಮುಂದಿನ ಕೆಲಸ ಹೇಳ್ರಿ" ಎಂದಳು! ಭಂತೇಜಿ ಆ ದಿನ ಬುದ್ಧನಿಗಿಂತ ಹೆಚ್ಚು ತಾಳ್ಮೆ ತೋರಿಸಿದರೆಂದು ಓಣಿಯಲ್ಲಿ ಮಾತಾಯಿತು.

ಮುಂದಿನ ಕೆಲಸವನ್ನು ಅವಳೇ ಹುಡುಕಿಕೊಂಡಳು. ಚಾಪೆಯ ಮೇಲೆ ಕೂತವರ ಮೊಣಕಾಲು ನೋಯುತ್ತವೆಂದು ಯೂನಿಟ್ಟಿನಲ್ಲಿ ಉಳಿದ ತುಂಡುಬಟ್ಟೆ ತಂದು ದಿಂಬು ಹೊಲಿದಳು. ಆದರೆ ಜೀವಮಾನವೆಲ್ಲ ಪ್ಯಾಂಟು ಹೊಲಿದ ಕೈ ಬರೀ ದಿಂಬು ಹೊಲಿದೀತೇ? ಪ್ರತಿ ದಿಂಬಿಗೂ ಹಿಂಜೇಬು, ಅಂಚಿಗೆ ಬೆಲ್ಟಿನ ಲೂಪು!

"ಲೂಪು ಯಾಕಬೇ?"

"ಗ್ವಾಡಿ ಮೊಳಿಗೆ ತೂಗಿಹಾಕಾಕ."

"ಜೇಬು?"

"ಚಾಳೀಸು ಇಡಾಕ. ಕಣ್ಣು ಮುಚ್ಚಿ ಕುಂತವರಿಗೆ ಚಾಳೀಸು ಯಾಕ ಬೇಕು?"

ಹೊರಗಿನಿಂದ ಬಂದವರೆಲ್ಲ ಈಗ ಆ ದಿಂಬುಗಳ ಫೋಟೋ ತೆಗೆದುಕೊಳ್ಳುತ್ತಾರೆ. ನಮ್ಮ ದೊಡ್ಡವ್ವ ಹೊಲಿದದ್ದು ಎಂದು ನಾನು ಕೇಳದವರಿಗೂ ಹೇಳುತ್ತೇನೆ.

ಹೀಗಿರುವಾಗ ಭಂತೇಜಿ ಒಂದು ಮಾತು ಹೇಳಿದರು. ಇನ್ನು ಮುಂದೆ ತಿಂಗಳಿಗೆರಡು ಭಾನುವಾರ ಅವರು ಬೇರೆ ಊರಿಗೆ ಹೋಗಬೇಕು. ಬುದ್ಧ ಪೂರ್ಣಿಮೆಯ ದಿನ ಒಂದು ತಾಸು ಅಲ್ಲಾಡದೆ ಕೂತವರಿಗೆ ವಿಹಾರದ ಕಂಚಿನ ಗಂಟೆ ಒಪ್ಪಿಸುತ್ತಾರೆ. ಭಂತೇಜಿ ಇಲ್ಲದ ದಿನ ಗಂಟೆ ಬಾರಿಸಿ ಕ್ಲಾಸು ನಡೆಸುವುದು ಹಾಗೆ ಕೂತವರ ಕೆಲಸ. ದೊಡ್ಡವ್ವ ಎಲ್ಲರಿಗಿಂತ ಮೊದಲು ಕೈಯೆತ್ತಿದಳು.

"ಕುಂದ್ರಾಕ ಬರಲಾರದ ಹೆಣ್ಮಗಳು ಊರಮಂದೀನ ಕುಂದ್ರಸಾಕ ಹೊಂಟಾಳ ನೋಡ್ರಿ!" ಎಂದು ಕ್ಲಾಸಿಗೆ ಬರುವ ನಿವೃತ್ತ ಗುಮಾಸ್ತರೊಬ್ಬರು ನಕ್ಕರು. ನಾನೂ ನಕ್ಕೆ. ದೊಡ್ಡವ್ವ ನಗಲಿಲ್ಲ.

"ಮೂರನೇ ಕ್ಲಾಸಿಗೆ ಸಾಲಿ ಬಿಡಿಸಿದ್ರು ನನ್ನ. ಅವತ್ತಿಂದ ಬ್ಯಾರೇದವರು ಗಂಟಿ ಹೊಡೆದ್ರ ಎದ್ದೆ, ಗಂಟಿ ಹೊಡೆದ್ರ ಉಂಡೆ. ಒಮ್ಮೆ ನನ್ನ ಕೈಲೆ ಹೊಡೀಬೇಕಲೇ" ಎಂದಳು. ಅವಳು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಶುರುವಾಯಿತು ನೋಡಿ ಸಾಧನೆ! ಎಲ್ಲಿ ಅಂತೀರಿ? ಯೂನಿಟ್ಟಿನ ಕೆಲಸಕ್ಕೆಂದು ಅವಳು ಓಡಾಡುವ ಗುಮ್ಮಘಟ್ಟದ ಶೇರ್ ಆಟೋದಲ್ಲಿ! ಹದಿಮೂರು ಮಂದಿ ತುಂಬಿದ ಆಟೋದಲ್ಲಿ ಬೇಕೆಂದರೂ ಅಲ್ಲಾಡಲು ಜಾಗವಿಲ್ಲ. ಇವಳು ನಡುವೆ ಸಿಕ್ಕಿಕೊಂಡು, ಕಣ್ಣು ಮುಚ್ಚಿ, ಹೋಗುವಾಗಲೂ ಬರುವಾಗಲೂ ಉಸಿರು ನೋಡಿದಳು. ಅಕ್ಕಪಕ್ಕದವರನ್ನೂ ಬಿಡಲಿಲ್ಲ. "ಉಸಿರು ನೋಡ್ರಿ, ದಾರಿ ನೋಡಬ್ಯಾಡ್ರಿ." ದಾರಿ ನೋಡಬೇಕಾದ ಡ್ರೈವರು ಮಾತ್ರ, "ನನ್ನೊಬ್ಬನ್ನ ಬಿಟ್ಟುಬಿಡವ್ವಾ" ಎಂದು ಕೈಮುಗಿದನಂತೆ! ಆ ಆಟೋದಿಂದಲೇ ಎಂಟು ಮಂದಿ ಕ್ಲಾಸಿಗೆ ಸೇರಿದರು.

ಪೂರ್ಣಿಮೆ ಬಂತು. ವಿಹಾರ ಕಿಕ್ಕಿರಿದು ತುಂಬಿತು. ಭಂತೇಜಿ ಗಂಟೆ ಬಾರಿಸಿದರು, ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ, ನನ್ನ ಕಣ್ಣೆಲ್ಲ ದೊಡ್ಡವ್ವನ ಬಲಮೊಣಕಾಲಿನ ಮೇಲೆ. ಹತ್ತು ನಿಮಿಷ, ಕಾಲು ಸುಮ್ಮನಿದೆ. ಅರ್ಧ ತಾಸು, ಸುಮ್ಮನಿದೆ! ಗುಮಾಸ್ತರು ಎರಡು ಸಲ ಕತ್ತು ಕೆರೆದುಕೊಂಡರು, ಮೂರನೆಯ ಸಲಕ್ಕೆ ಗೊರಕೆ ಶುರುಮಾಡಿದರು. ದೊಡ್ಡವ್ವ ಮಾತ್ರ ಎದುರಿನ ಬುದ್ಧನಿಗೆ ಸರಿಸಾಟಿಯಾಗಿ ಕೂತಿದ್ದಳು. ಎದ್ದು ಸಿಳ್ಳೆ ಹೊಡೆಯೋಣವೆನ್ನಿಸಿತು.

ಇನ್ನು ಹತ್ತೇ ನಿಮಿಷ. ಆಗ ಹಿಂದಿನ ಸಾಲಿನಲ್ಲಿ ಒಂದು ಕೂಸು ಅತ್ತಿತು. ಗುಮ್ಮಘಟ್ಟದ ಅಜ್ಜಿಯೊಬ್ಬಳು ಎತ್ತಿಕೊಂಡು ಬಂದಿದ್ದ ಮೊಮ್ಮಗು. ಅದರ ತಾಯಿ ಹಿಂದಿನ ದಿನವಷ್ಟೇ ಬೆಂಗಳೂರಿನ ಗಾರ್ಮೆಂಟ್ಸಿಗೆ ಬಸ್ಸು ಹತ್ತಿದ್ದಳು. ಅಜ್ಜಿ ಸೆರಗು ಬೀಸಿದಳು, ಬೆನ್ನು ತಟ್ಟಿದಳು, ಅಳು ನಿಲ್ಲಲಿಲ್ಲ.

ದೊಡ್ಡವ್ವ ಕಣ್ಣು ತೆರೆದಳು. ಬೇಡ, ದೊಡ್ಡವ್ವಾ, ಇನ್ನು ಹತ್ತೇ ನಿಮಿಷ ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಅವಳು ಹಿಂದಕ್ಕೆ ತಿರುಗಿ ಎರಡೂ ಕೈ ಚಾಚಿದಳು.

"ಕೊಡಿಲ್ಲೆ. ಇದು ಹಸಿವಿನ ಅಳು ಅಲ್ಲ, ನನಗ ಗೊತ್ತೈತಿ" ಎಂದು ಮೆಲ್ಲಗೆ ಹೇಳಿ ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಬಲಗಾಲು ಶುರುವಾಯಿತು. ಅದೇ ಲಯ, ಮೇಲೆ, ಕೆಳಗೆ. ಕೂಸು ಎರಡು ಸಲ ಬಿಕ್ಕಿ ನಿದ್ದೆ ಹೋಯಿತು.

ತಾಸು ಮುಗಿಯಿತು. ಭಂತೇಜಿ ಗಂಟೆಯ ಕೋಲು ಎತ್ತಿದರು. ದೊಡ್ಡವ್ವ ತುಟಿಯ ಮೇಲೆ ಬೆರಳಿಟ್ಟು, "ಬ್ಯಾಡ್ರೀ ಸ್ವಾಮ್ಯಾರ, ಕೂಸು ಏಳ್ತೈತಿ" ಎಂದು ಪಿಸುಗುಟ್ಟಿದಳು. ಭಂತೇಜಿ ಎದ್ದು ಬಂದು ಗಂಟೆಯನ್ನೂ ಕೋಲನ್ನೂ ಅವಳ ಪಕ್ಕದಲ್ಲಿಟ್ಟು, "ಯಾವಾಗ ಹೊಡೆಯಬೇಕೋ ನೀವೇ ಹೊಡೆಯಿರಿ ತಾಯಿ" ಎಂದರು. ಗಂಟೆಯಾಗದೆ ಯಾರೂ ಏಳುವಂತಿಲ್ಲವಲ್ಲ! ಊಟದ ಹೊತ್ತು ಮೀರಿದರೂ ಅಷ್ಟು ಮಂದಿ ಒಂದು ಕೂಸಿನ ನಿದ್ದೆಗಾಗಿ ಅಲ್ಲಾಡದೆ ಕೂತರು.

ನನ್ನವ್ವ ತನ್ನೂರು ರೊಳ್ಳದಿಂದ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಾಗ ನನಗೆ ಒಂದು ವರ್ಷವೂ ತುಂಬಿರಲಿಲ್ಲ. ನನ್ನನ್ನು ಈ ಅಕ್ಕನ ಮಡಿಲಿಗೆ ಹಾಕಿ ಹೋದಳಂತೆ. ದೊಡ್ಡವ್ವನಿಗೆ ಹಗಲೆಲ್ಲ ಹೊಲಿಗೆ, ತೊಟ್ಟಿಲು ತೂಗಲು ಪುರುಸೊತ್ತೆಲ್ಲಿ? ಮಿಷನ್ ತುಳಿಯುತ್ತಲೇ ನನ್ನನ್ನು ಮಡಿಲಲ್ಲಿ ಮಲಗಿಸುತ್ತಿದ್ದಳಂತೆ. ಇದನ್ನೆಲ್ಲ ನಾನು ಕೇಳಿ ಬಲ್ಲೆ, ನೆನಪಿಲ್ಲ. ಆದರೆ ಆ ಕಾಲು ಆಡುವುದನ್ನೇ ನೋಡುತ್ತ ಕೂತ ನನಗೆ ಕಣ್ಣು ಎಳೆಯತೊಡಗಿತು. ಇಷ್ಟು ವರ್ಷ ಎಂಥ ಕಾಲಿಗೆ ನಗಾಡಿದೆನಲ್ಲ ಎಂದುಕೊಳ್ಳುತ್ತಲೇ ದಿಂಬಿನ ಮೇಲೆ ತಲೆಯಿಟ್ಟೆ.

ಎಚ್ಚರವಾದಾಗ ಮಂದಿ ಊಟಕ್ಕೆ ಕೂತಿದ್ದರು. ಕೂಸು ಅಜ್ಜಿಯ ಸೊಂಟದ ಮೇಲಿತ್ತು.

"ಗಂಟೆ ಹೊಡೆದೆಯೇನಬೇ? ನನಗೆ ಕೇಳಲೇ ಇಲ್ಲ!" ಎಂದೆ.

"ಹೊಡೆದೆ. ಕೂಸು ಎದ್ದಿತ್ತು, ನೀನು ಮಲಗಿದ್ದಿ. ಅದಕ್ಕ ಮೆಲ್ಲಕ ಹೊಡೆದೆ" ಎಂದಳು.