ಮೇಲಿನ ಕೋಣೆಯ ಹಾಡು

ಬೆಳಗ್ಗೆ ಎಂಟು ಗಂಟೆಗೆ ಪಕ್ಕದ ಕಟಿಂಗ್ ಶಾಪಿನ ರೇಡಿಯೊ ಆಡಿದ ಎರಡು ಮಾತು ನಮ್ಮ ಟೈಲರನ ನೆಮ್ಮದಿ ಕೆಡಿಸಿತು. ಆರು ತಿಂಗಳಿಂದ ಮದುವೆಮನೆ, ಬಸ್ಸು, ಶಾಲೆಯ ಮೈದಾನ ಎನ್ನದೆ ಎಲ್ಲರನ್ನೂ ಕುಣಿಸುತ್ತಿದ್ದ ಹಾಡೊಂದರ ಹುಟ್ಟಿನ ಕತೆಯನ್ನು ಅದನ್ನು ಕಟ್ಟಿದವನೇ ಹೇಳುತ್ತಿದ್ದ.

"ಹನ್ನೆರಡು ವರ್ಷದ ಹಿಂದೆ ಒಂದು ಟೈಲರ್ ಅಂಗಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಈ ಹಾಡಿನ ತಾಳ ಕೊಟ್ಟಿದ್ದು ಆ ಟೈಲರೇ. ಇವತ್ತು ನಾಲ್ಕು ಗಂಟೆಗೆ ಅವರನ್ನ ನೋಡೋಕೆ ಹೋಗ್ತಿದ್ದೀನಿ."

ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದ. "ನಿನ್ನ ಮೆಷಿನ್ ಸದ್ದು ಕಣಯ್ಯ ಅದು. ನನಗೆ ಮೊದಲಿಂದ್ಲೂ ಅನುಮಾನ ಇತ್ತು."

ಟೈಲರ್ ಬೆವೆತುಹೋದ. ಅವನಿಗೆ ಗೊತ್ತಿದ್ದ ಚರಿತ್ರೆಯೇ ಬೇರೆ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗುವುದು ಅವನ ಬಾಳಿನ ಏಕೈಕ ಸುಖ. ಸರಿಯಾಗಿ ಅದೇ ಹೊತ್ತಿಗೆ ಮೇಲಿನವನು ತಗಡಿನ ಪೆಟ್ಟಿಗೆ ಬಡಿದು ಹಾಡು ಕಟ್ಟುತ್ತಿದ್ದ. ಟೈಲರ್ ಕೂಗಿ ನೋಡಿದ, ಕೋಲಿನಿಂದ ಚಾವಣಿ ಕುಟ್ಟಿ ನೋಡಿದ, ಕೊನೆಗೆ ಕಟ್ಟಡದ ಮಾಲೀಕನ ಕಿವಿಯಲ್ಲಿ ಊದಿ ಕೋಣೆ ಬಿಡಿಸಿದ. ಹೆಂಡತಿಗೆ ಮಾತ್ರ, "ದೊಡ್ಡ ಕೆಲಸ ಸಿಕ್ತಂತೆ, ಹೇಳದೇ ಹೋದ" ಎಂದಿದ್ದ. ಒಡಹುಟ್ಟಿದವರಿಲ್ಲದ ಅವಳು, ಅಕ್ಕ ಎಂದು ಕರೆಯುತ್ತಿದ್ದ ಅವನಿಗೆ ಎರಡು ಹೊತ್ತು ಊಟ ಹಾಕಿದ್ದಳು. ಹೋದಮೇಲೆ ವಾರಗಟ್ಟಲೆ ಅತ್ತಿದ್ದಳು. ಈಗ ಅವನೇ ಬಂದು ಬಾಯಿಬಿಟ್ಟರೆ ಗತಿಯೇನು?

ಹತ್ತು ಗಂಟೆಗೆ ಎದುರುಮನೆಯ ನಿವೃತ್ತ ಮೇಷ್ಟ್ರು ನೋಟ್‌ಬುಕ್ ಹಿಡಿದು ಬಂದರು. "ಚರಿತ್ರೆ ಅಂದಮೇಲೆ ದಾಖಲೆ ಇರಬೇಕು. ಹೇಳಪ್ಪ, ತಾಳ ಹೇಗೆ ಹೊಳೀತು?"

"ನನಗೂ ಆ ಹಾಡಿಗೂ ಏನೇನೂ ಸಂಬಂಧ ಇಲ್ಲ ಮೇಷ್ಟ್ರೇ."

ಮೇಷ್ಟ್ರು 'ಬಹಳ ವಿನಯವಂತ' ಎಂದು ಬರೆದುಕೊಂಡರು.

ಮೆಷಿನ್ ತುಳಿದು ನೋಡಿದರೆ ಅದರ ಸದ್ದು ಹಾಡಿಗೆ ಒಂದಿಷ್ಟೂ ಹೊಂದಲಿಲ್ಲ. ಕ್ಷೌರಿಕ ಎದೆಗುಂದಲಿಲ್ಲ. "ವಯಸ್ಸಾಗಿದೆ, ಮರೆತಿದೆ" ಎಂದು ಒಂದು ಸ್ಕ್ರೂ ಸಡಿಲಿಸಿದ. ಮೆಷಿನ್ ಕುಂಟತೊಡಗಿತು. ಆ ಗಲಾಟೆಯಲ್ಲಿ ಪೋಸ್ಟ್‌ಮ್ಯಾನ್‌ನ ಹೊಸ ಪ್ಯಾಂಟಿನ ಎರಡು ಕಾಲೂ ಸೇರಿ ಒಂದಾದವು. ಅವನು ಅದನ್ನು ಎತ್ತಿ ಹಿಡಿದು, "ಇನ್ಮೇಲೆ ಕುಪ್ಪಳಿಸಿಕೊಂಡೇ ಕಾಗದ ಹಂಚಬೇಕಾ?" ಎಂದು ಕೇಳಿದ.

ಮಧ್ಯಾಹ್ನದ ಹೊತ್ತಿಗೆ ಟೈಲರ್ ಆ ಹಾಡಿನ ಗುರುವಾಗಿದ್ದ. ಮೂರಕ್ಕೆ ಸಾಹಿತ್ಯವೂ ಅವನದೇ ಎಂದಾಯಿತು. ನಿದ್ದೆಯಂತೂ ಇಲ್ಲ. ತಲೆನೋವಿನ ನೆಪ ಹೇಳಿ ಅಂಗಡಿಯ ಶಟರ್ ಎಳೆಯಲು ಹೋದರೆ ಹೆಂಡತಿ ಹೊಸ ಸೀರೆಯುಟ್ಟು ಅಡ್ಡ ನಿಂತಿದ್ದಳು.

"ನನ್ನ ತಮ್ಮ ಬರೋ ಹೊತ್ತಲ್ಲಿ ಎಲ್ಲಿಗೆ ಹೊರಟ್ರಿ? ಅವನು ಯಾಕೆ ಹೇಳದೇ ಹೋದ ಅಂತ ಇವತ್ತು ಕಿವಿ ಹಿಂಡಿ ಕೇಳ್ತೀನಿ."

ಟೈಲರ್ ಶಟರಿನಿಂದ ಕೈ ತೆಗೆದ.

ನಾಲ್ಕಕ್ಕೆ ಕಾರು ಬಂತು. ಇಳಿದವನ ಕಿವಿ ನಿಜವಾಗಿಯೂ ಅವಳ ಕೈಗೆ ಸಿಕ್ಕಿತು. "ದೊಡ್ಡ ಕೆಲಸ ಸಿಕ್ತು ಅಂತ ಅಕ್ಕನಿಗೂ ಹೇಳದೇ ಹೋಗೋದೇನೋ?" ಟೈಲರ್ ಕಣ್ಣು ಮುಚ್ಚಿಕೊಂಡ.

"ತಪ್ಪು ನಂದೇ ಅಕ್ಕ" ಎಂದ ಅವನು. "ಕೆಲಸ ಸಿಕ್ಕ ಖುಷಿಯಲ್ಲಿ ಹಾಗೇ ಹೊರಟುಬಿಟ್ಟೆ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಟೈಲರ್ ಹನ್ನೆರಡು ವರ್ಷದಿಂದ ಹಿಡಿದಿಟ್ಟ ಉಸಿರನ್ನು ಒಟ್ಟಿಗೇ ಬಿಟ್ಟ.

ಕ್ಷೌರಿಕ ಮೆಷಿನ್ ತುಳಿಯಲು ಕೂತ. ಬಂದವನು ನಕ್ಕ. "ಮೆಷಿನ್ ಅಲ್ಲಣ್ಣ. ಭಾವ, ಬಟ್ಟೆ ಅಳೆಯೋ ಆ ಮರದ ಕೋಲೆಲ್ಲಿ? ನಾನು ಪೆಟ್ಟಿಗೆ ಬಡಿದಾಗೆಲ್ಲ ಭಾವ ಕೆಳಗಿಂದ ಚಾವಣಿಗೆ ಕುಟ್ಟಿ ಜೊತೆ ಕೊಡೋರು. ಟಕ್ ಟಕ್, ಟಕಟಕ ಟಕ್. ಅದೇ ಈ ಹಾಡು."

"ಇವರು ನನಗೊಂದು ದಿನವೂ ಹೇಳಲಿಲ್ವಲ್ಲ" ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಮೇಷ್ಟ್ರು ನಾಲ್ಕು ಪುಟ ಹೊಡೆದುಹಾಕಿದರು.

ಎಲ್ಲರೂ ಚಹಾ ಕುಡಿಯುವಾಗ ಅವನು ಟೈಲರನನ್ನು ಮೂಲೆಗೆ ಕರೆದ. "ಮಾಲೀಕರು ಅವತ್ತೇ ಎಲ್ಲ ಹೇಳಿದ್ರು ಭಾವ. ಅಕ್ಕನಿಗೆ ನಾನಂತೂ ಹೇಳಲ್ಲ."

ಟೈಲರ್ ಅವನ ಎರಡೂ ಕೈ ಹಿಡಿದುಕೊಂಡ. "ನೀನು ದೇವರಪ್ಪ. ಏನು ಬೇಕಾದ್ರೂ ಕೇಳು."

"ಆ ಹಾಡಾದಮೇಲೆ ಇನ್ನೊಂದು ಹಾಡು ಕೂಡಿಬರ್ತಿಲ್ಲ. ಎಂಥೆಂಥ ವಾದ್ಯದವರನ್ನ ಕೂರಿಸಿದ್ರೂ ನಿಮ್ಮ ಕುಟ್ಟಿನಲ್ಲಿದ್ದ ಆ ಸಿಟ್ಟು ಬರಲ್ಲ. ಅದಕ್ಕೇ ಮೇಲಿನ ಕೋಣೆ ಮತ್ತೆ ಹಿಡಿದಿದ್ದೀನಿ. ನಾಳೆಯಿಂದ ದಿನಾ ಎರಡರಿಂದ ಮೂರು. ಈ ವಿಷಯ ಅಕ್ಕನಿಗೂ ಹೇಳಾಯ್ತು."

"ಅದೇ ತಗಡಿನ ಪೆಟ್ಟಿಗೇನಾ?" ಟೈಲರನ ದನಿ ಇಳಿಯಿತು.

"ಛೆ, ಈ ಸಲ ಆರು ಜನ ಡೋಲಿನವರು ಇರ್ತಾರೆ."

ಹೋದೆಯಾ ಪಿಶಾಚಿ ಅಂದರೆ ಬಂದೆಯಾ ಗವಾಕ್ಷಿಯಲ್ಲಿ ಅಂದಂತಾಯಿತು. ಮಾಲೀಕನಿಗೆ ದೂರು ಕೊಡುವ ದಾರಿ ಹೇಗೂ ಮುಚ್ಚಿತ್ತು. ಇನ್ನು ಚಾವಣಿ ಕುಟ್ಟಿದಷ್ಟೂ ಮೇಲಿನವರಿಗೆ ಹುರುಪು.

ಅಷ್ಟರಲ್ಲಿ ಹೆಂಡತಿ ಕೋಲನ್ನು ಒರೆಸಿ ತಂದು ಮೇಜಿಗೆ ಒರಗಿಸಿದಳು. "ಆ ಹೊತ್ತಿಗೆ ನಿಮಗೆ ಕಣ್ಣು ಎಳೆಯುತ್ತೆ, ನನಗೊತ್ತು. ಯೋಚನೆ ಮಾಡಬೇಡಿ, ದಿನಾ ಎರಡಕ್ಕೆ ಸರಿಯಾಗಿ ನಾನೇ ಬಂದು ಎಬ್ಬಿಸ್ತೀನಿ" ಎಂದಳು.