ಬಾಡಿಗೆಗೆ ಜೀವಂತ, ಸ್ವಂತ ಮನೆಗೆ ಮೃತ

ಇಂದ,
ಮರೆವ್ವ ಕೋಂ ಹಣಮಪ್ಪ ಡೊಳ್ಳಿನ,
ವಯಸ್ಸು ಅಂದಾಜು ಐವತ್ತೊಂಬತ್ತು, ಉದ್ಯೋಗ ಕೌದಿ ಹೊಲಿಯುವುದು,
ಸಿದ್ದಲಿಂಗವ್ವನವರ ಚಾಳ, ಮೂರನೆಯ ಬಾಗಿಲು,
ಇಳಕಲ್ಲ, ತಾಲೂಕು ಹುನಗುಂದ, ಜಿಲ್ಲೆ ವಿಜಾಪುರ.

ಗೆ,
ಮಾನ್ಯ ಸಾಹೇಬರು,
ಕಂತಿನ ಮನೆಗಳ ಹಂಚಿಕೆ ಕಚೇರಿ,
ಹುನಗುಂದ.

ದಿನಾಂಕ: 3-2-1986

ವಿಷಯ: ನನ್ನ ಗಂಡನವರಾದ ಹಣಮಪ್ಪ ಇವರನ್ನು ಸ್ವಂತ ಮನೆಯ ಸಲುವಾಗಿ ಮೃತರೆಂದೂ, ಬಾಡಿಗೆಯ ಸಲುವಾಗಿ ಇನ್ನೂ ಆರು ತಿಂಗಳು ಜೀವಂತರೆಂದೂ ಪರಿಗಣಿಸುವ ಕುರಿತು.

ಉಲ್ಲೇಖ:
1) ನನ್ನ ಅರ್ಜಿಯನ್ನು ತಿರಸ್ಕರಿಸಿದ ತಮ್ಮ ಕಚೇರಿಯ ಪತ್ರ, ದಿನಾಂಕ 6-1-1986.
2) ತಮ್ಮ ಗುಮಾಸ್ತರು ನಮ್ಮ ಓಣಿಯಲ್ಲಿ ನಡೆಸಿದ ಪಂಚನಾಮೆ, ದಿನಾಂಕ 12-12-1985.
3) ನನ್ನ ಗಂಡನವರ ಮರಣ, 1970ರ ಶ್ರಾವಣ, ಎರಡನೆಯ ಸೋಮವಾರ. ಇದಕ್ಕೆ ನಂಬರು ಇಲ್ಲ.

ಮಾನ್ಯರೇ,

ನಾನು ವಯಸ್ಕರ ರಾತ್ರಿ ಶಾಲೆಯಲ್ಲಿ ಓದು ಬರಹ ಕಲಿತವಳು. ಅಲ್ಲಿ ಕೊನೆಯ ಪಾಠ ಅರ್ಜಿ ಬರೆಯುವುದು. ಓಣಿಗೆ ದೀಪದ ಕಂಬ ಕೇಳುವ ಅರ್ಜಿ, ನಲ್ಲಿ ದುರಸ್ತಿಯ ಅರ್ಜಿ, ಇವೆರಡರ ಮಾದರಿಯನ್ನು ಮಾಸ್ತರರು ಹಲಗೆಯ ಮೇಲೆ ಬರೆದು ತೋರಿಸಿದರು. ಗಂಡ ಸತ್ತಿದ್ದಾನೆಂದು ಒಪ್ಪಿಕೊಳ್ಳಿರಿ ಎಂದು ಕೇಳುವ ಅರ್ಜಿಯ ಮಾದರಿ ಇರಲಿಲ್ಲ. ಕಾರಣ, ದೀಪದ ಕಂಬದ ಮಾದರಿಯನ್ನೇ ಹಿಡಿದು ಬರೆದಿದ್ದೇನೆ. ಎಲ್ಲಿಯಾದರೂ ತಪ್ಪಿದ್ದಲ್ಲಿ ಅದು ಕಂಬದ್ದೆಂದು ತಿಳಿದು ಕ್ಷಮಿಸಬೇಕು.

1. ನನ್ನ ಗಂಡನವರು ರಾಮಥಾಳದ ಆಚೆಗಿನ ನಮ್ಮ ಹಳ್ಳಿಯಲ್ಲಿ ಕಾಮಾಲೆಯಿಂದ ತೀರಿಕೊಂಡರು. ನಾನು ಪಕ್ಕದಲ್ಲಿಯೇ ಇದ್ದೆ, ಆದ್ದರಿಂದ ಈ ಸಂಗತಿ ನನಗೆ ಖಚಿತವಾಗಿ ಗೊತ್ತಿದೆ. ನನಗೆ ನಲವತ್ತು ದಾಟಿದ ಮೇಲೆ ಹುಟ್ಟಿ ಉಳಿದ ಒಬ್ಬಳೇ ಮಗಳು ಪದ್ಮವ್ವ, ಆಗ ಎರಡು ವರ್ಷದವಳು. ಮರಣವನ್ನು ಊರ ಚಾವಡಿಯ ಪುಸ್ತಕದಲ್ಲಿ ಬರೆಸಲಾಗಿತ್ತು. ಆ ಪುಸ್ತಕವನ್ನು ಗೆದ್ದಲು ತಿಂದಿದೆ. ಗೆದ್ದಲು ತಿಂದಿದ್ದಕ್ಕೆ ಸಹಿ ಶಿಕ್ಕೆ ಇರುವ ದಾಖಲೆ ಸಿಕ್ಕಿತು. ಗಂಡ ಸತ್ತದ್ದಕ್ಕೆ ಸಿಗಲಿಲ್ಲ.

2. 1972ರಲ್ಲಿ ಮಗಳನ್ನು ಕರೆದುಕೊಂಡು ಇಳಕಲ್ಲಿಗೆ ಬಂದೆ. ಮೊದಲನೆಯ ಬಾಡಿಗೆ ಮನೆಯನ್ನು ಖರೆ ಹೇಳಿಯೇ ಹಿಡಿದೆ. ಮಾಲೀಕರು ನೂಲಿನ ವ್ಯಾಪಾರಸ್ಥರು. "ಮುಂಜಾನೆದ್ದು ಬಾಗಲಾ ತಗದ್ರ ನಿನ್ನ ಬರೀ ಹಣಿ ಕಾಣತೈತಿ. ನೂಲಿನ ರೇಟ ಹೆಂಗ ಬಿದ್ದೈತಿ ನೋಡು" ಎಂದು ಎರಡು ತಿಂಗಳಲ್ಲಿ ಬಿಡಿಸಿದರು. ನಾನು ಬಿಟ್ಟ ಮೇಲೂ ನೂಲಿನ ದರ ಏರಲಿಲ್ಲ.

ಎರಡನೆಯ ಮನೆಯ ಮಾಲೀಕರು ಧಾರಾಳ ಮನುಷ್ಯರು. ನೀರಿನ ತೊಂದರೆ ಇದೆಯೇ ಎಂದು ವಿಚಾರಿಸಲು ದಿನಾಲೂ ಬರತೊಡಗಿದರು. ನೀರಿನ ತೊಂದರೆ ಇರಲಿಲ್ಲ. ಕಾರಣ, ಆ ಮನೆಯನ್ನು ನಾನಾಗಿಯೇ ಬಿಟ್ಟೆ.

ಆಮೇಲೆ ಎರಡು ಮೂರು ವರ್ಷ ಅವರಿವರ ಪಡಸಾಲೆಯಲ್ಲಿ, ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ದಿನ ತೆಗೆದೆವು. ಮನೆ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಯಜಮಾನ್ರು ಏನ್ ಮಾಡ್ತಾರ?" ಅವರು ಏನೂ ಮಾಡುತ್ತಿರಲಿಲ್ಲ.

3. ಬಳೆ ಮಾರುವ ಕಾಸಿಂಬಿ ನನ್ನ ಗೆಳತಿ, ಅವಳೂ ನನ್ನ ಹಾಗೆ ಗಂಡನನ್ನು ಕಳೆದುಕೊಂಡವಳು. ಅವಳು ಒಂದು ದಿನ ನನ್ನನ್ನು ಬೈದಳು.

"ಎಷ್ಟ ಖರೆ ಹೇಳತಿ ಮರೆವ್ವ? ಖರೆ ಹೇಳಾಕಿಗೆ ಯಾರ ಮನಿ ಕೊಡ್ತಾರ? ಗೋವಾದಾಗ ಅದಾರಂತ ಹೇಳ. ನಮ್ಮ ಕಡಿ ಅರ್ಧ ಗಂಡಸ್ರು ಗೋವಾದಾಗ ಅದಾರ, ಯಾರ ಎಣಸಾಕ ಹೋಗ್ಯಾರ?"

ಹೀಗೆ ಹೇಳಿ ತನ್ನ ಗಂಡನ ಒಂದು ಜೊತೆ ಕಾಲ್ಮರಿ ಚಪ್ಪಲಿ ತಂದು ನನ್ನ ಕೈಗಿತ್ತಳು. "ಬಾಗಲ ಮುಂದ ಬಿಡು. ನಮ್ಮ ಮನಿಯವ್ರು ಇದ್ದಾಗ ಅವರ ಕಾಲ ಮನ್ಯಾಗ ನಿಲ್ಲತಿದ್ದಿಲ್ಲ. ಈಗರೆ ಒಂದ ಕಡಿ ನಿಂದ್ರಲಿ."

ಅವತ್ತೇ ಅವಳು ನನ್ನ ಕೈಗೆ ಹಸಿರು ಬಳೆ ಏರಿಸಿದಳು. ಕುಂಕುಮವನ್ನು ನಾನೇ ಹಚ್ಚಿಕೊಂಡೆ. ಐದು ವರ್ಷ ಬಿಟ್ಟಿದ್ದರಿಂದ ಮೊದಲ ದಿನ ಅದು ಸ್ವಲ್ಪ ಓರೆಯಾಗಿತ್ತು. ಮರುದಿನ ಸಿದ್ದಲಿಂಗವ್ವನವರ ಚಾಳದ ಸಾಲುಮನೆಗಳಲ್ಲಿ ಒಂದು ಸಿಕ್ಕಿತು. ಇಲ್ಲಿಗೆ ಹನ್ನೊಂದು ವರ್ಷವಾಯಿತು.

4. ಸತ್ತ ಗಂಡನನ್ನು ಜೀವಂತ ಇಡುವುದು ಇದ್ದ ಗಂಡನನ್ನು ಸಂಬಾಳಿಸುವುದಕ್ಕಿಂತ ಹೆಚ್ಚಿನ ಕೆಲಸವೆಂದು ಅನುಭವದಿಂದ ತಿಳಿಸುತ್ತೇನೆ. ಕಾಲ್ಮರಿಯ ಧೂಳು ಒರೆಸಬೇಕು, ಆದರೆ ಪೂರ್ತಿ ಒರೆಸಬಾರದು. ಗೋವಾದ ಬಂದರಿನಲ್ಲಿ ಹಮಾಲಿ ಮಾಡುವವರು ವರ್ಷಕ್ಕೊಮ್ಮೆಯಾದರೂ ಊರಿಗೆ ಬರಬೇಕು. ಕಾರಣ, ಪ್ರತಿ ದೀಪಾವಳಿಯ ಹಿಂದಿನ ದಿನ ನಾನು ಅಮೀನಗಡಕ್ಕೆ ಹೋಗಿ ಕರದಂಟು ತಂದು ಚಾಳದ ಎಲ್ಲ ಬಾಗಿಲಿಗೂ ಹಂಚುತ್ತಿದ್ದೆ. "ಬಂದಿದ್ದರು, ನಸುಕಿನ ಬಸ್ಸಿಗೆ ಹೊಳ್ಳಿ ಹೋದರು" ಎನ್ನುತ್ತಿದ್ದೆ.

"ಅಲ್ಲವಾ, ವರ್ಷಕ್ಕ ಒಮ್ಮಿ ಬರಾಂವ ಒಂದ ದಿನಾನೂ ನಿಲ್ಲಂಗಿಲ್ಲಲ್ಲ? ಇಂಥಾ ದುಡಿಯೂ ಗಂಡ ಎಲ್ಲೈತಿ! ನಮ್ಮಾಂವ ನೋಡು, ಕಟ್ಟಿ ಬಿಟ್ಟ ಏಳೂದಿಲ್ಲ" ಎಂದು ಸಿದ್ದಲಿಂಗವ್ವನವರು ತಮ್ಮ ಯಜಮಾನರಿಗೆ ಕೇಳಿಸುವಂತೆ ಹೇಳುತ್ತಿದ್ದರು. ಹೀಗೆ ನನ್ನ ಗಂಡನವರು ಸತ್ತ ಮೇಲೆ ಓಣಿಗೆ ಮಾದರಿಯಾದರು.

ಪದ್ಮವ್ವನೂ ಒಂಬತ್ತು ವರ್ಷ ತುಂಬುವವರೆಗೆ ಅಪ್ಪ ಗೋವಾದಲ್ಲಿದ್ದಾನೆಂದೇ ನಂಬಿದ್ದಳು. ಬಂದಾಗ ಎಬ್ಬಿಸಲಿಲ್ಲವೆಂದು ಪ್ರತಿ ದೀಪಾವಳಿಗೆ ನನ್ನೊಡನೆ ಜಗಳ ಕಾಯುತ್ತಿದ್ದಳು. ಕೊನೆಗೆ ಖರೆ ಹೇಳಿದೆ. ಅವಳು ಅತ್ತ ದನಿ ಕೇಳಿ ಸಿದ್ದಲಿಂಗವ್ವನವರು ವಿಚಾರಿಸಲಾಗಿ, ಹಲ್ಲುನೋವೆಂದು ತಿಳಿಸಲಾಯಿತು. ಅವರು ಲವಂಗ ತಂದುಕೊಟ್ಟರು.

ಕಳೆದ ವರ್ಷ ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಅವಳು 'ಗೋವಾ' ಎಂದು ಬರೆದಳು. ಅದು ಉದ್ಯೋಗವಲ್ಲ, ಊರು ಎಂದೆ. "ಅಪ್ಪನ ಉದ್ಯೋಗ ಅದ ಅಲ್ಲೇನಬೇ?" ಎಂದಳು. ಕಾರಣ, ಹಾಗೆಯೇ ಬಿಟ್ಟೆವು.

5. ನನಗೆ ಸ್ವಂತ ಮನೆ ಏಕೆ ಬೇಕೆಂದು ತಮ್ಮ ನಮೂನೆಯ ಒಂಬತ್ತನೆಯ ಕಲಮಿನಲ್ಲಿ ಕೇಳಲಾಗಿತ್ತು. ಅಲ್ಲಿ ಜಾಗ ಬೆರಳುದ್ದ ಇದ್ದುದರಿಂದ 'ವಾಸಕ್ಕೆ' ಎಂದಷ್ಟೇ ಬರೆದೆ. ಪೂರ್ತಿ ಕಾರಣ ಹೀಗಿದೆ. ಹಿರಿಯರ ಅಮಾವಾಸ್ಯೆಗೆ ಎಲ್ಲರ ಮನೆಯಲ್ಲೂ ತೀರಿಹೋದವರಿಗೆ ಎಡೆ ಇಡುತ್ತಾರೆ. ನಮ್ಮ ಮನೆಯಲ್ಲಿ ಇಡುವ ಹಾಗಿಲ್ಲ, ಅವರು ಗೋವಾದಲ್ಲಿದ್ದಾರೆ. ಆದ್ದರಿಂದ ಹನ್ನೊಂದು ವರ್ಷದಿಂದ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕಾಸಿಂಬಿಯ ಹಿತ್ತಲಲ್ಲಿ ಎಡೆ ಇಟ್ಟು ಬರುತ್ತಿದ್ದೇನೆ. ಅವಳು ಗೋಡೆಯ ಹತ್ತಿರ ಸಾರಿಸಿ ಜಾಗ ಮಾಡಿಟ್ಟಿರುತ್ತಾಳೆ, ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿರುತ್ತಾಳೆ. ನನ್ನ ಗಂಡನವರು ಸತ್ತವರಾಗಿ ಇರಲು ಒಂದು ಮನೆ ಬೇಕು. ಬಾಡಿಗೆ ಮನೆಯಲ್ಲಿ ಅದಕ್ಕೆ ಪರವಾನಗಿ ಇಲ್ಲ.

6. ಹೀಗಿರುವಾಗ, ಗಂಡನಿಲ್ಲದೆ ಮಕ್ಕಳನ್ನು ಸಾಕುವ ಹೆಂಗಸರಿಗೆ ಕಂತಿನ ಮೇಲೆ ಮನೆ ಕೊಡುತ್ತಾರೆಂದು ತಿಳಿದು ಅರ್ಜಿ ಹಾಕಿದೆ. ಮುಂಗಡ ತುಂಬಿದೆ. ಹದಿನೇಳನೆಯ ನಂಬರಿನ ಮನೆಯೆಂದು ಚೀಟಿಯೂ ಬಂತು. ಪದ್ಮವ್ವನೂ ನಾನೂ ಹೋಗಿ ನೋಡಿ ಬಂದೆವು. ಚಾವಣಿ ಇನ್ನೂ ಹಾಕಿರಲಿಲ್ಲ. ಅವಳು ಬಾಗಿಲಿನ ಜಾಗದಲ್ಲಿ ನಿಂತು "ಯಾರ ಬೇಕ್ರಿ?" ಎಂದು ನನ್ನನ್ನೇ ಕೇಳಿದಳು.

ಆದರೆ ಮರಣದ ದಾಖಲೆ ಇಲ್ಲದ ಕಾರಣ, ಅರ್ಜಿದಾರರು ಈಗ ವಾಸವಿರುವ ಓಣಿಯಲ್ಲಿಯೇ ಪಂಚನಾಮೆ ಆಗಬೇಕೆಂದು ನಿಯಮ. ತಮ್ಮ ಗುಮಾಸ್ತರು ಮುನ್ಸೂಚನೆ ಇಲ್ಲದೆ ಬಂದು, ಚಾಳದ ನಡುವೆ ನಿಂತು ಗಟ್ಟಿಯಾಗಿ ಕೇಳಿದರು: "ಹಣಮಪ್ಪ ಡೊಳ್ಳಿನ ಅನ್ನಾವ್ರು ತೀರಿಕೊಂಡಾರೇನ?"

ಸಿದ್ದಲಿಂಗವ್ವನವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಥೂ, ನಿಮ್ಮ ಬಾಯಿಗಿಷ್ಟು! ಮುತ್ತೈದಿ ಮನಿ ಮುಂದ ನಿಂತು ಎಂಥಾ ಮಾತ ಆಡ್ತೀರಿ? ಮೊನ್ನಿ ದೀಪಾವಳಿಗೆ ಬಂದು ಹೋಗ್ಯಾರ. ಅವ್ರು ತಂದ ಕರದಂಟ ನಾನ ತಿಂದೇನಿ."

"ಖುದ್ದ ನೋಡಿದಾವ್ರು ಯಾರರೆ ಅದೀರೇನ?" ಎಂದು ಗುಮಾಸ್ತರು ಕೇಳಿದರು.

ಎದುರಿನ ಸೈಕಲ್ ಅಂಗಡಿಯ ನಬಿಸಾಬರು ಮುಂದೆ ಬಂದರು. "ನಾ ನೋಡೇನ್ರಿ. ಅಮೀನಗಡದಾಗ ಬಸ್ ನಿಂತಿತ್ತು. ಇಬ್ರೂ ಕೂಡಿ ಚಾ ಕುಡದೇವಿ."

"ಆಳ ಹೆಂಗಿದ್ರು?"

"ಭಾಳ ಎತ್ತರ್ರಿ. ಹುರಿ ಮೀಸಿ. ಚಾದ ರೊಕ್ಕಾನೂ ಅವರ ಕೊಟ್ರು, ನನಗ ಕೊಡಗೊಡ್ಲಿಲ್ಲ."

ನನ್ನ ಗಂಡನವರು ಎತ್ತರ ಇರಲಿಲ್ಲ.

"ನೀವೇನಂತೀರಿ ಯವ್ವ?" ಎಂದು ಗುಮಾಸ್ತರು ನನ್ನನ್ನು ಕೇಳಿದರು. ಸತ್ತಿದ್ದಾರೆ ಎಂದರೆ ಆ ಕ್ಷಣ ಚಾಳ ಬಿಡಬೇಕು, ಇದ್ದಾರೆ ಎಂದರೆ ಮನೆ ಬಿಡಬೇಕು. ನಾನು ಸುಮ್ಮನಿದ್ದೆ. 'ಅರ್ಜಿದಾರರು ಮೌನದಿಂದ ಒಪ್ಪಿರುತ್ತಾರೆ. ಬಾಗಿಲ ಮುಂದೆ ಗಂಡಸರ ಪಾದರಕ್ಷೆ ಒಂದು ಜೊತೆ, ಬಳಕೆಯಲ್ಲಿರುವುದು' ಎಂದು ಪಂಚನಾಮೆ ಮುಗಿಯಿತು.

ಮಧ್ಯಾಹ್ನ ನಬಿಸಾಬರ ಅಂಗಡಿಗೆ ಹೋಗಿ, ಹಾಗೇಕೆ ಹೇಳಿದಿರಿ ಎಂದು ಕೇಳಿದೆ. ಅವರು ಚಕ್ರ ತಿರುಗಿಸುವುದನ್ನು ನಿಲ್ಲಿಸಿದರು. "ಯಕ್ಕಾ, ಹನ್ನೊಂದ ವರ್ಷದಾಗ ಅವ್ರನ್ನ ನಾ ಒಮ್ಮಿನೂ ನೋಡಿಲ್ಲ. ಓಣ್ಯಾಗ ಮಂದಿ ಏನೇನ ಅಂತಾರ. ಸರ್ಕಾರದ ಮನುಷ್ಯಾ ಬಂದು ನಿನ್ನ ಗಂಡ ಎಲ್ಲಿ ಅಂದ್ರ ನಾ ಸುಮ್ಮ ನಿಂದ್ರಲಿ? ನಿನ್ನ ಮರ್ಯಾದಿ ಉಳಸೂನಂತ ಹೇಳೇನಿ." ಮತ್ತೆ ಚಕ್ರಕ್ಕೆ ಕೈ ಹಚ್ಚಿ, "ಯಾಕ, ಮೀಸಿ ಇದ್ದಿದ್ದಿಲ್ಲೇನ?" ಎಂದು ಕೇಳಿದರು.

7. ತಿರಸ್ಕಾರ ಪತ್ರ ಬಂದ ಮೇಲೆ ತಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರನೆಯ ಸಲ ಗುಮಾಸ್ತರು ಸಮಾಧಾನದಿಂದಲೇ ಮಾತನಾಡಿದರೆಂದು ಒಪ್ಪಿಕೊಳ್ಳುತ್ತೇನೆ.

"ನೀವು ಸುಮ್ಮ ಅಡ್ಡಾಡಬ್ಯಾಡ್ರಿ. ಯಜಮಾನ್ರನ್ನ ಒಂದ ಸಲ ಕರಕೊಂಡ ಬರ್ರಿ. ಬ್ಯಾರೆ ಪಟ್ಟಿಯಾಗ ಅವ್ರ ಹೆಸರಲೆ ಹಾಕೂಣು. ಅವ್ರು ಸಹಿ ಮಾಡಿದ್ರ ಮುಗೀತು."

"ಅವ್ರು ತೀರಿಕೊಂಡಾರ್ರಿ."

"ಮತ್ತ ಹಣಿ ಮ್ಯಾಲಿನ ಕುಂಕುಮ?"

"ಅದು ಬಾಡಿಗಿ ಮನೀದ್ರಿ."

"ಹಂಗಾರ ಅಳಿಸಿಕೊಂಡು ಬಂದು ಅರ್ಜಿ ಕೊಡ್ರಿ."

"ಅಳಿಸಿಕೊಂಡ್ರ ಸಂಜೀಕ ಮನಿ ಬಿಡಸ್ತಾರ್ರಿ. ನಿಮ್ಮ ಕೀಲಿ ಸಂಜೀಕ ಸಿಗತೈತೇನ್ರಿ?"

"ಕೀಲಿಗೆ ಆರ ತಿಂಗಳ ಬೇಕ್ರಿ."

ಈ ಆರು ತಿಂಗಳ ಸಲುವಾಗಿಯೇ ಸದರಿ ಅರ್ಜಿ.

ಆದ್ದರಿಂದ ಕೆಳಗಿನಂತೆ ಆದೇಶವಾಗಬೇಕು:

ಅ) ತಮ್ಮ ಕಚೇರಿಯ ದಫ್ತರದಲ್ಲಿ ಹಣಮಪ್ಪ ಡೊಳ್ಳಿನ ಇವರನ್ನು 1970ರಿಂದ ಮೃತರೆಂದು ಬರೆದುಕೊಂಡು, ಹದಿನೇಳನೆಯ ನಂಬರಿನ ಮನೆಯನ್ನು ನನ್ನ ಹೆಸರಿಗೆ ಕಾಯಂ ಮಾಡಬೇಕು.

ಆ) ಕೀಲಿ ನನ್ನ ಕೈಗೆ ಬರುವವರೆಗೆ ಈ ಮರಣದ ಸುದ್ದಿ ಹುನಗುಂದ ಬಿಟ್ಟು ಇಳಕಲ್ಲಿಗೆ ಬಾರದಂತೆ ನೋಡಿಕೊಳ್ಳಬೇಕು. ಒಂದು ಊರಿನಲ್ಲಿ ಸತ್ತವರು ಇನ್ನೊಂದು ಊರಿನಲ್ಲಿ ಆರು ತಿಂಗಳು ಬದುಕಿದರೆ ಸರ್ಕಾರಕ್ಕೆ ಯಾವ ಖರ್ಚೂ ಇಲ್ಲ.

ಇ) ನಬಿಸಾಬರ ಮೇಲೆ ಸುಳ್ಳು ಸಾಕ್ಷಿಯೆಂದು ಕ್ರಮ ಜರುಗಿಸಬಾರದು. ಅವರು ಅಮೀನಗಡದಲ್ಲಿ ಯಾರೋ ಎತ್ತರದವರೊಡನೆ ಚಹಾ ಕುಡಿದದ್ದು ಖರೆ ಇರಬಹುದು.

ಎರಡೂ ಕಡೆಯ ಗಂಡನಿಗೆ ಒಬ್ಬಳೇ ಹೆಂಡತಿಯಾದ, ತಮ್ಮ ವಿಶ್ವಾಸಿ,

ಮರೆವ್ವ
(ಸ್ವಂತ ಅಕ್ಷರ)

ಲಗತ್ತು:
1) ಚಾವಡಿಯ ಪುಸ್ತಕವನ್ನು ಗೆದ್ದಲು ತಿಂದ ಬಗ್ಗೆ ದಾಖಲೆ, ಒಂದು ಪ್ರತಿ.
2) ಮುಂಗಡ ತುಂಬಿದ ಪಾವತಿ ಚೀಟಿ.
3) ಕಾಸಿಂಬಿಯ ಹೇಳಿಕೆ, ಹೆಬ್ಬೆಟ್ಟು ಸಹಿತ. ಕಾಲ್ಮರಿ ತನ್ನ ಗಂಡನದೆಂದೂ, ಕೆಲಸ ಮುಗಿದ ಮೇಲೆ ಮರಳಿ ಕೊಡಬೇಕೆಂದೂ ಹೇಳಿದ್ದಾಳೆ.
4) ಗಂಡನವರ ಫೋಟೋ: ತೆಗೆಸಿಲ್ಲ.

ಹಿಂಬರಹ: ಈ ಅರ್ಜಿಯನ್ನು ಲಕೋಟೆಗೆ ಹಾಕುವಷ್ಟರಲ್ಲಿ ಟಪಾಲಿನವರು ತಮ್ಮ ಕಚೇರಿಯ ಇನ್ನೊಂದು ಪತ್ರ ತಂದರು. ಅದು ನನಗೆ ಬಂದದ್ದಲ್ಲ, 'ಶ್ರೀ ಹಣಮಪ್ಪ ಡೊಳ್ಳಿನ' ಇವರಿಗೆ ಬಂದದ್ದು. ಅವರು ಇರುವರೋ ಇಲ್ಲವೋ ಎಂಬುದನ್ನು ಇತ್ಯರ್ಥಪಡಿಸುವ ಸಲುವಾಗಿ ಇದೇ ತಿಂಗಳು 17ನೆಯ ತಾರೀಖು ಮುಂಜಾನೆ ಹನ್ನೊಂದಕ್ಕೆ ಖುದ್ದು ಹಾಜರಾಗಬೇಕೆಂದೂ, ತಪ್ಪಿದಲ್ಲಿ ಮುಂದಿನ ಪರಿಣಾಮಕ್ಕೆ ಅವರೇ ಹೊಣೆಯೆಂದೂ ಬರೆದಿದೆ. ಅವರ ಪರವಾಗಿ ಪತ್ರವನ್ನು ನಾನು ತೆಗೆದುಕೊಂಡಿದ್ದೇನೆ.

ಆ ದಿವಸ ನಾನು ಇಳಕಲ್ಲಿನಿಂದ ಒಂಬತ್ತರ ಬಸ್ಸಿಗೆ ಹೊರಡುತ್ತೇನೆ. ಬಸ್ಸು ತಡವಾಗುವುದುಂಟು. ಅಷ್ಟರೊಳಗೆ ಅವರು ಬಂದದ್ದಾದರೆ ದಯಮಾಡಿ ಒಳಗೆ ಕೂಡ್ರಿಸಿಕೊಳ್ಳಬೇಕು. ಆಳು ಗಿಡ್ಡ, ಎಡಗಣ್ಣಿನ ಮೇಲೆ ಕುಡುಗೋಲು ತಾಗಿದ ಗುರುತಿದೆ. ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ಆದ್ದರಿಂದ ತಾವಾಗಿಯೇ ಒಂದು ಚರಿಗೆ ನೀರು ಕೊಡಬೇಕು. ನಾನು ಬರುವವರೆಗೆ ಅವರನ್ನು ಎಲ್ಲಿಯೂ ಹೋಗಗೊಡಬಾರದು.

ಹಾಗೆ ಅವರು ಹಾಜರಾದ ಪಕ್ಷದಲ್ಲಿ ಮೇಲಿನ ಎಲ್ಲ ಕೋರಿಕೆಗಳನ್ನು ರದ್ದು ಮಾಡಬೇಕಾಗಿ ವಿನಂತಿ. ನಮಗೆ ಬಾಡಿಗೆ ಮನೆಯೇ ಸಾಕಾಗುತ್ತದೆ.