ಯಂತ್ರದೊಡನೆ ಬಂದ ಹಲಗೆಗಳ ವಿಷಯ

ವಿದೇಶಿ ನೆರವು ಮಂಡಳಿಯ ಮಾನ್ಯ ಅಧ್ಯಕ್ಷರೇ,

ಸಮುದ್ರದಾಚೆ ಕೂತು ನಮ್ಮ ಪುಟ್ಟ ಹೆರಿಗೆ ಆಸ್ಪತ್ರೆಯನ್ನು ಹುಡುಕಿ ತೆಗೆದ ತಮ್ಮ ದೊಡ್ಡ ಮನಸ್ಸಿಗೆ, ಏಳನೇ ತಿಂಗಳಿಗೇ ಹುಟ್ಟಿದ ಮಗುವೊಂದರ ಅಜ್ಜಿಯ ವಿನಮ್ರ ವಂದನೆಗಳು.

ದಿನ ತುಂಬದ ಕೂಸುಗಳನ್ನು ಬೆಚ್ಚಗಿಡಲು ತಾವು ಗಾಜಿನ ಇನ್‌ಕ್ಯುಬೇಟರ್ ಕಳುಹಿಸುವ ಮೊದಲು, ಆ ಕೆಲಸವನ್ನು ನಮ್ಮ ಬಡಗಿ ಮಾಡಿಕೊಟ್ಟಿದ್ದ ಮರದ ಪೆಟ್ಟಿಗೆಯೊಂದು, ಒಳಗಿನ ನಾಲ್ಕು ಬಲ್ಬುಗಳ ಶಾಖದಿಂದ, ಇಪ್ಪತ್ತು ವರ್ಷ ನಡೆಸಿಕೊಂಡು ಬಂದಿತ್ತು. ಹಳೆಯ ಸಲಕರಣೆ ಉಳಿಯಕೂಡದೆಂದು ತಮ್ಮ ಕರಾರಿನ ಒಂಬತ್ತನೆಯ ಷರತ್ತು ಹೇಳಿತು. ಕೊಟ್ಟ ಮಾತಿಗೆ ತಪ್ಪದ ನಮ್ಮ ವೈದ್ಯಾಧಿಕಾರಿಗಳು ಪೆಟ್ಟಿಗೆಯನ್ನು ಒಡೆಸಿ, ಉದ್ಘಾಟನೆಗೆ ಬಂದ ತಮ್ಮ ಪ್ರತಿನಿಧಿಗಳಿಗೆ ಚಹಾ ಕಾಯಿಸುವ ಒಲೆಗೆ ಹಾಕಿಸಿದರು. ಚಹಾ ಚೆನ್ನಾಗಿತ್ತೆಂದು ತಮ್ಮ ವರದಿಯಲ್ಲಿ ಓದಿ ಸಂತೋಷವಾಯಿತು.

ಸುಳ್ಳು ಹೇಳಬಾರದು, ಯಂತ್ರ ಹನ್ನೊಂದು ತಿಂಗಳು ಹೆತ್ತವಳಂತೆ ದುಡಿಯಿತು. ಮರದ ಪೆಟ್ಟಿಗೆಯಿಂದ ಉಳಿಸಲಾಗದಿದ್ದ ಮೂರು ಜೀವಗಳನ್ನು ಅದು ಉಳಿಸಿತೆಂದು ಅಲ್ಲಿ ಹಿರಿಯ ನರ್ಸ್ ಆಗಿರುವ ನನ್ನ ತಂಗಿ ಹೇಳುತ್ತಾಳೆ. ಅವಳು ಯಾರನ್ನೂ ಸುಮ್ಮನೆ ಹೊಗಳುವವಳಲ್ಲ. ಆದರೆ ನನ್ನ ಮೊಮ್ಮಗಳು ಒಳಗೆ ಮಲಗಿದ ಮೂರನೇ ದಿನ ಮಧ್ಯಾಹ್ನ, ಗಾಳಿಯ ಫಿಲ್ಟರ್ ಬದಲಿಸುವ ಕಾಲ ಬಂತೆಂದು ಕೆಂಪು ದೀಪ ತೋರಿಸಿ ಯಂತ್ರ ತಣ್ಣಗಾಯಿತು. ಅಂಗೈಯಗಲದ ಆ ಫಿಲ್ಟರ್ ಸಿಗುವುದು ತಮ್ಮ ದೇಶದಲ್ಲಿ ಮಾತ್ರ. ತಮ್ಮ ಕಚೇರಿಯವರು ನಮ್ಮ ಫೋನಿಗೆ ಬಹಳ ಸೌಜನ್ಯದಿಂದ ಉತ್ತರಿಸಿ, ಹಡಗು ಹದಿನಾಲ್ಕು ವಾರದಲ್ಲಿ ತಲುಪುವುದೆಂದೂ ಅಲ್ಲಿಯವರೆಗೆ ಯಾರೂ ಯಂತ್ರದ ಸೀಲು ಒಡೆಯಬಾರದೆಂದೂ ತಿಳಿಸಿದರು. ಮುಂದೆ ನಮ್ಮಲ್ಲಿ ಅವಸರದಿಂದ ಹುಟ್ಟುವ ಮಕ್ಕಳ ಅನುಕೂಲಕ್ಕಾಗಿ ಹಡಗಿನ ವೇಳಾಪಟ್ಟಿಯನ್ನು ಮೊದಲೇ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ.

ಮಗಳು ಕೂಸನ್ನು ಬರಿಯೆದೆಗೆ ಅವಚಿಕೊಂಡು ಅಲುಗದೆ ಕೂತಳು. ತಂಗಿ ಬಡಗಿಗೆ ಹೇಳಿಕಳುಹಿಸಿದಳು. ಅವನ ಕಣ್ಣಿಗೆ ಬಿದ್ದದ್ದು ಉಗ್ರಾಣದಲ್ಲಿ ಧೂಳು ಹಿಡಿದಿದ್ದ, ತಮ್ಮ ಯಂತ್ರವನ್ನು ಹೊತ್ತು ತಂದ ಪೆಟ್ಟಿಗೆಯ ಹಲಗೆಗಳು. "ಅಕ್ಕಾ, ಇಂಥಾ ಮರ ನನ್ನ ಮನೆ ಬಾಗಿಲಿಗೂ ಸಿಕ್ಕಿಲ್ಲ. ಪುಣ್ಯಾತ್ಮರು ಒಳಗಿನ ಸಾಮಾನಿಗಿಂತ ಹೊರಗಿಂದೇ ಗಟ್ಟಿ ಮಾಡಿದಾರಲ್ಲ!" ಎಂದು ಅವನು ತಟ್ಟಿ ನೋಡಿ ಮಾಡಿದ ಪ್ರಶಂಸೆಯನ್ನು ತಮಗೆ ತಲುಪಿಸುವುದು ನನ್ನ ಕರ್ತವ್ಯ. ಸಂಜೆಯೊಳಗೆ ಆ ಹಲಗೆಗಳು ಪೆಟ್ಟಿಗೆಯಾಗಿ, ಒಳಗೆ ನಾಲ್ಕು ಬಲ್ಬು ಹೊತ್ತಿದವು. ಮೊಮ್ಮಗಳು ಈಗ ಅಲ್ಲೇ, ಹಲಗೆಯ ಮೇಲಿನ ತಮ್ಮ ದೇಶದ ಬಾವುಟದ ಅಚ್ಚಿನ ಪಕ್ಕದಲ್ಲಿ ಮುಷ್ಟಿ ಬಿಗಿದು ಮಲಗಿದ್ದಾಳೆ.

ಆದಕಾರಣ ಮುಂದಿನ ಸಲ ಪೆಟ್ಟಿಗೆಯನ್ನು ಖಾಲಿಯಾಗಿಯೇ ಕಳುಹಿಸಿದರೂ ನಮ್ಮ ಅಭ್ಯಂತರವಿಲ್ಲ. ಖಾಲಿ ಕಳುಹಿಸಲು ಸಂಕೋಚವಾದರೆ, ಫಿಲ್ಟರ್ ಮಾಡುವುದನ್ನು ನಮ್ಮ ಬಡಗಿಗೆ ಕಲಿಸಬಲ್ಲ ಒಬ್ಬರನ್ನು ಒಳಗೆ ಕೂರಿಸಿ, ಗಾಳಿಯಾಡಲು ನಾಲ್ಕು ತೂತು ಕೊರೆಸಿ ಕಳುಹಿಸಬೇಕೆಂದು ಕೋರುವ,

ತಮ್ಮ ಹಲಗೆಗಳಲ್ಲಿ ಪೂರ್ಣ ವಿಶ್ವಾಸವುಳ್ಳ,
ಮಗುವಿನ ಅಜ್ಜಿ

ತಾ.ಕ.: ತಮ್ಮ ಪ್ರತಿನಿಧಿಗಳು ಮುಂದಿನ ವಾರ ತಪಾಸಣೆಗೆ ಬರುವರೆಂದು ತಿಳಿಯಿತು. ಒಂಬತ್ತನೆಯ ಷರತ್ತು ನಮಗೆ ಚೆನ್ನಾಗಿ ನೆನಪಿದೆ. ಆದರೆ ಪೆಟ್ಟಿಗೆಯಲ್ಲಿ ಮಗು ಇರುವುದರಿಂದ ಈ ಸಲ ಚಹಾ ಇರುವುದಿಲ್ಲ.